ಹಳೇ ಇಟಾಲಿಯನ್ ಕಾರು ರಿಸ್ಟೋರ್ ಮಾಡಿಸಲು ಕೊಡುವ ಮುಂಚೆ ಇದನ್ನು ಓದಿ

ಬಾನೆಟ್ ತೆಗೆದು ನೋಡದೆ ಯಾರಿಗೂ ಬಾಕಿ ದುಡ್ಡು ಹಾಕಬೇಡಿ. ಇಂಜಿನ್ ನಂಬರ್ ಕಣ್ಣಾರೆ ಓದದೆ ಒಂದು ರೂಪಾಯಿಯೂ ಹಾಕಬೇಡಿ. ಕೊನೆಯವರೆಗೆ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ವಕೀಲರು ಹೆಸರು ಬೇಡ ಎಂದಿದ್ದಾರೆ. ಬೆಂಗಳೂರಿನದು ಎಂದಷ್ಟೇ ತಿಳಿದುಕೊಳ್ಳಿ.

ಕಾರು 1968ರ ಫಿಯೆಟ್ 124 ಸ್ಪೋರ್ಟ್ ಸ್ಪೈಡರ್. ದೊಡ್ಡಪ್ಪ ಆರ್ಮಿಯಲ್ಲಿದ್ದಾಗ ದೆಹಲಿಯಲ್ಲಿ ಕೊಂಡದ್ದು. ರಾಯಭಾರ ಕಚೇರಿಯವರು ಬಿಟ್ಟು ಹೋದ ಕಾರುಗಳನ್ನು ಆಗ ಸರ್ಕಾರದ ಎಸ್‌ಟಿಸಿ (ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮಾರುತ್ತಿತ್ತು, ಹಾಗೆ ಸಿಕ್ಕಿದ್ದು. ಎಡಗಡೆ ಸ್ಟೀರಿಂಗ್. ದೊಡ್ಡಪ್ಪ ರಿಟೈರ್ ಆಗಿ ಊರಿಗೆ ಬಂದಾಗ ಕಾರೂ ಜೊತೆಗೆ ಬಂತು. ಟಾಪ್ ಇಳಿಸಿಕೊಂಡು ಗೋಣಿಕೊಪ್ಪದ ಸಂತೆಗೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಕಾಫಿ ಗೋಡೌನಿನಲ್ಲಿ ಟಾರ್ಪಾಲ್ ಅಡಿ ನಿಂತಿತು.

ಈ ಕಾರಿನ ಚಂದಕ್ಕೆ ಕಾರಣ ಅದನ್ನು ಡಿಸೈನ್ ಮಾಡಿದ ಇಟಲಿಯ ಕಂಪನಿ ಪಿನಿನ್‌ಫರೀನಾ. 1966ರಲ್ಲಿ ಟುರಿನ್ ಮೋಟಾರ್ ಶೋನಲ್ಲಿ ಹೊರಬಂದದ್ದು. ಚಂದ ಇರಲಿ, ಅದರ ಜೀವ ಇರುವುದು ಇಂಜಿನ್ನಿನಲ್ಲಿ. ಫೆರಾರಿಯಲ್ಲಿ ಕೆಲಸ ಮಾಡಿ ಫಿಯೆಟ್‌ಗೆ ಬಂದ ಔರೇಲಿಯೊ ಲಂಪ್ರೆಡಿ ಮಾಡಿದ ಇಂಜಿನ್. 1438 ಸಿಸಿ, ಮೇಲೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), ಅವನ್ನು ತಿರುಗಿಸಲು ಹಲ್ಲಿರುವ ರಬ್ಬರ್ ಬೆಲ್ಟ್. ಆ ಕಾಲಕ್ಕೆ ಅದು ದೊಡ್ಡ ಮಾತು. ಬಾನೆಟ್ ಎತ್ತಿದರೆ ಎರಡು ಉದ್ದ ಕ್ಯಾಮ್ ಕವರ್ ಪಕ್ಕಪಕ್ಕ ಕಾಣಬೇಕು. ಕಾಣಬೇಕು. ಇದನ್ನು ನೆನಪಿಡಿ.

ಇಲ್ಲಿಂದ ಹೋಗುವಾಗ ಇಂಜಿನ್ ಜಾಮ್ ಆಗಿರಲಿಲ್ಲ. ನಮ್ಮ ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಆಯಿಲ್ ಬಿಟ್ಟು, ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದ್ದ. ಸಲೀಸಾಗಿ ತಿರುಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಗ್ಯಾರೇಜಿನವನು ಮಾತಿನಲ್ಲಿ ಬಹಳ ನಯ. ಮನೆಗೇ ಬಂದು ನೋಡಿದ, ಊಟ ಮಾಡಿದ, ಪಂದಿಕರಿ ಎರಡು ಸಲ ಬಡಿಸಿಕೊಂಡ. ಒಟ್ಟು 8.5 ಲಕ್ಷ ಎಂದ. ಅರ್ಧ ಮೊದಲು, ಉಳಿದದ್ದು ಕಂತಿನಲ್ಲಿ. ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. ಪೇಂಟ್ ಬೂತ್ ಖಾಲಿ ಇಲ್ಲ. ಟಿಂಕರಿಂಗ್ ಹುಡುಗ ಊರಿಗೆ ಹೋಗಿದ್ದಾನೆ. ಇಟಲಿಯಿಂದ ಬಂದ ಪಾರ್ಟ್ಸ್ ಕಸ್ಟಮ್ಸ್‌ನಲ್ಲಿ ಕೂತಿದೆ. ಹಳೇ ಕಾರು ಅಂದರೆ ಇಷ್ಟೆಲ್ಲ ಇದ್ದದ್ದೇ, ಕಾಯೋಣ ಎಂದುಕೊಂಡೆ. ನಡುವೆ ಒಂದು ವಿಡಿಯೋ ಬಂತು, ಇಂಜಿನ್ ಓಡುತ್ತಿರುವುದು. ಎಂಥಾ ಸದ್ದು ಅಂತೀರಿ! ಮನೆಯವರಿಗೆಲ್ಲ ತೋರಿಸಿದೆ. ಈಗ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಆ ವಿಡಿಯೋದ ಮೂಲೆಯಲ್ಲಿ ಬಾನೆಟ್ ಸ್ವಲ್ಪ ಕಾಣುತ್ತದೆ. ಅದರ ಮೇಲೆ ಎರಡು ಉಬ್ಬು ಇವೆ. ಆ ಉಬ್ಬು ಬಂದದ್ದು ಇದೇ ಕಾರಿನ ಆಮೇಲಿನ 1608 ಸಿಸಿಯ ಮಾಡೆಲ್‌ಗೆ. ನಮ್ಮದು ಚಪ್ಪಟೆ ಬಾನೆಟ್. ಯಾರದೋ ಕಾರಿನ ಸದ್ದು ಕೇಳಿಸಿ ನನ್ನ ಹತ್ತಿರ ಕಂತು ತೆಗೆದುಕೊಂಡ!

ಮೇ ತಿಂಗಳಲ್ಲಿ ನಮ್ಮ ಕಸಿನ್ ಮದುವೆ ಇತ್ತು. ಅದಕ್ಕೆ ಕಾರು ಬೇಕು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಸರಿಯಾಗಿ ಹಿಂದಿನ ದಿನ ರಾತ್ರಿ ಲಾರಿಯಲ್ಲಿ ಕಳಿಸಿದ. ಜೋರು ಮಳೆ. ತೋಟದ ರಸ್ತೆಗೆ ಲಾರಿ ಬರುವುದಿಲ್ಲ, ಮೇನ್ ರೋಡಿನಲ್ಲೇ ಇಳಿಸಬೇಕು. ಡ್ರೈವರ್ ಹಗ್ಗ ಬಿಚ್ಚುತ್ತಿಲ್ಲ. ಫೋನ್ ಬಂತು: "ಸಾರ್, ಬ್ಯಾಲೆನ್ಸ್ ಹಾಕಿದ್ರೆ ಇಳಿಸ್ತಾನೆ, ಅವನಿಗೆ ಬೆಳಿಗ್ಗೆ ಮೈಸೂರಲ್ಲಿ ಇನ್ನೊಂದು ಲೋಡ್ ಇದೆ." ನೋಡಿ ಹಾಕುತ್ತೇನೆ ಎಂದೆ. "ನೋಡಿ ಸಾರ್, ಪೇಂಟ್ ನೋಡಿ, ಸೀಟ್ ನೋಡಿ. ಬಾನೆಟ್ ಮಾತ್ರ ಎಳೀಬೇಡಿ, ಕೇಬಲ್ ಹೊಸದು, ಟೈಟ್ ಇದೆ, ತುಂಡಾಗುತ್ತೆ. ಒಂದು ವಾರ ಬಿಡಿ."

ಕೇಬಲ್ ತುಂಡಾಗುತ್ತದಂತೆ. ಈ ಒಂದು ಮಾತು ಈಗಲೂ ರಾತ್ರಿ ನೆನಪಾದರೆ ನಿದ್ದೆ ಬರುವುದಿಲ್ಲ. ಹೊಸ ಕೇಬಲ್ ಯಾಕೆ ತುಂಡಾಗುತ್ತದೆ?

ಟಾರ್ಚ್ ಬೆಳಕಿನಲ್ಲಿ ಕೆಂಪು ಬಣ್ಣ ಹೊಳೆಯಿತು. ದುಡ್ಡು ಹಾಕಿದೆ.

ಮಾರನೇ ದಿನ ಅಂಗಳದಲ್ಲಿ ನೆಂಟರೆಲ್ಲ ಸೇರಿದ್ದರು. ಸ್ಟಾರ್ಟ್ ಮಾಡಿದೆ. ಆಯಿತು. ಆದರೆ ಸದ್ದು ಬೇರೆ. ಭಾವ ಒಬ್ಬರಿದ್ದಾರೆ, ಹಿಂದೆ ಅವರ ಮನೆಯಲ್ಲಿ ಪ್ರೀಮಿಯರ್ 118 ಎನ್‌ಇ ಇತ್ತು. ಕಿವಿ ಕೊಟ್ಟು ಕೇಳಿ, ಬಂದು ಸೀದಾ ಬಾನೆಟ್ ಎತ್ತಿದರು. ಕೇಬಲ್ ತುಂಡಾಗಲಿಲ್ಲ. ಒಳಗೆ ಒಂದೇ ಒಂದು ಕವರ್. "ಇದು ನಮ್ಮ 118ರ ಇಂಜಿನ್ ಅಲ್ವಾ ಮಾರಾಯ?" ಎಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಅವರು ಒಳಗೆ ಹೋದರು. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ.

ನಿಸ್ಸಾನ್ ಎ12. 1171 ಸಿಸಿ. ಮಾರುತಿ ಬರುವ ಹೊತ್ತಿನಲ್ಲಿ ಪ್ರೀಮಿಯರ್‌ನವರು ಹಳೇ ಫಿಯೆಟ್ 124 ಬಾಡಿಗೆ ಈ ಇಂಜಿನ್ ಕೂರಿಸಿ 118 ಎನ್‌ಇ ಮಾಡಿದ್ದರು. ಒಳ್ಳೆಯ ಇಂಜಿನ್ನೇ, ಬೈಯುವುದಿಲ್ಲ. ಆದರೆ ನನ್ನದಲ್ಲ!

ಫೋನ್ ಮಾಡಿದರೆ ಅವನ ಉತ್ತರ ಕೇಳಿ. ಮೊದಲು: "ಸಾರ್, ಅದೂ ಫಿಯೆಟ್ 124 ಫ್ಯಾಮಿಲಿನೇ." ಬಾಡಿ ಫಿಯೆಟ್, ಇಂಜಿನ್ ನಿಸ್ಸಾನ್ ಎಂದೆ. ಆಮೇಲೆ: "ನಿಮ್ಮ ಒಳ್ಳೇದಕ್ಕೇ ಮಾಡಿದ್ದು, ಇದಕ್ಕೆ ಸ್ಪೇರ್ ಸಿಗುತ್ತೆ, ಮೈಲೇಜ್ ಬರುತ್ತೆ." ನನ್ನ ಇಂಜಿನ್ ಎಲ್ಲಿ ಎಂದೆ. "ಅದು ಜಾಮ್ ಆಗಿತ್ತು ಸಾರ್, ಸ್ಕ್ರ್ಯಾಪ್‌ಗೆ ಹೋಯ್ತು." ಕೈಯಲ್ಲಿ ತಿರುಗುತ್ತಿದ್ದ ಇಂಜಿನ್! ಹಾಗಾದರೆ ಬಿಲ್ ನೋಡು ಎಂದೆ. ಅವನೇ ಕೊಟ್ಟ ಬಿಲ್. ಟೈಮಿಂಗ್ ಬೆಲ್ಟ್, ಬೆಲ್ಟ್ ಟೆನ್ಷನರ್, ಎರಡು ಕ್ಯಾಮ್‌ಗೂ ಆಯಿಲ್ ಸೀಲ್, ವೆಬರ್ ಕಾರ್ಬ್ಯುರೇಟರ್ ಕಿಟ್. ಈಗ ಕಾರಿನಲ್ಲಿರುವ ಇಂಜಿನ್ನಿಗೆ ಟೈಮಿಂಗ್ ಬೆಲ್ಟೇ ಇಲ್ಲ, ಚೈನು. ಮೇಲೆ ಕ್ಯಾಮ್ ಕೂಡ ಇಲ್ಲ. ಇಲ್ಲದ ಬೆಲ್ಟ್‌ಗೆ ದುಡ್ಡು ಕೊಟ್ಟಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಸಾರ್, ನೀವು ಎಸ್ಟೇಟ್ ಓನರ್‌ಗಳು. ಕಾಫಿ ರೇಟ್ ನೋಡಿದ್ದೀನಿ ನಾನು. ನಿಮಗೆ ಇದೆಲ್ಲ ದೊಡ್ಡ ಅಮೌಂಟಾ?"

ಕಾಫಿಗೆ ರೇಟ್ ಬಂದರೆ ಕಂಡವರೆಲ್ಲ ನಮ್ಮ ಜೇಬಿಗೆ ಕೈ ಹಾಕಬಹುದಾ? ಕೆಲಸದವರ ಸಂಬಳ, ಗೊಬ್ಬರ, ಆನೆ ತುಳಿದ ಗಿಡ, ಇದನ್ನೆಲ್ಲ ಅವನು ನೋಡಿಲ್ಲ. ಊಟ ಮಾತ್ರ ನೋಡಿದ್ದಾನೆ.

ಅಷ್ಟಕ್ಕೇ ಮುಗಿಯಲಿಲ್ಲ. ಕಕ್ಕಡದ (ನಮ್ಮ ಕಡೆಯ ಆಟಿ ತಿಂಗಳು) ಮಳೆ ಶುರುವಾಯಿತು ನೋಡಿ, ಶೆಡ್ಡಿನೊಳಗೆ ನಿಂತ ಕಾರಿನ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತು. ಆಯಸ್ಕಾಂತ ಇಟ್ಟರೆ ಅಂಟುವುದಿಲ್ಲ. ತುಕ್ಕು ಕತ್ತರಿಸಿ ತಗಡು ವೆಲ್ಡ್ ಮಾಡುವ ಬದಲು ಫೈಬರ್ ತುಂಬಿ ಮೇಲೆ ಪುಟ್ಟಿ ಬಳಿದಿದ್ದಾನೆ. ಬಾಗಿಲ ಕೆಳಗಿನ ಸಿಲ್ ಅಂದರೆ ಮೇಲೆ ಛಾವಣಿ ಇಲ್ಲದ ಕಾರಿಗೆ ಬೆನ್ನುಮೂಳೆ. ಜಾಕ್ ಹಾಕಿ ಎತ್ತಿದರೆ ಬಾಗಿಲು ಮುಚ್ಚುವುದೇ ಇಲ್ಲ, ಬಾಡಿ ಅಷ್ಟು ಬಾಗುತ್ತದೆ. ಸಂಪಾಜೆ ಘಾಟಿಯ ಒಂದು ಗುಂಡಿ ಸಾಕು.

ಇನ್ನೊಂದು ನಷ್ಟ ಇದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗುತ್ತದೆ. ನಂಬರಿನಲ್ಲಿ ವಿಎ ಎಂದು ಬರುತ್ತದೆ, ಫೀ 20,000 ರೂಪಾಯಿ. ಅದು ಮಾಡಿಸಬೇಕೆಂದೇ ಇಷ್ಟೆಲ್ಲ ಖರ್ಚು ಮಾಡಿದ್ದು. ಆದರೆ ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ನಮ್ಮ ಆರ್‌ಸಿಯಲ್ಲಿ 124ಎಸಿ ಎಂದು ಶುರುವಾಗುವ ಇಂಜಿನ್ ನಂಬರ್ ಇದೆ, ಕಾರಿನಲ್ಲಿ ನಿಸ್ಸಾನ್ ಇದೆ. ಯಾವ ಮುಖ ಇಟ್ಟುಕೊಂಡು ಆರ್‌ಟಿಒಗೆ ಹೋಗಲಿ?

ಪೊಲೀಸರು ಸಿವಿಲ್ ಮ್ಯಾಟರ್ ಎಂದರು. ಅವನು "ಬೆಂಗಳೂರಿಗೆ ಬಂದು ಕೇಸ್ ಹಾಕಿ ಸಾರ್, ಅಲೆದು ನೋಡಿ" ಎಂದು ವಾಯ್ಸ್ ಮೆಸೇಜ್ ಕಳಿಸಿ ಬ್ಲಾಕ್ ಮಾಡಿದ. ಅವನಿಗೆ ಗೊತ್ತಿಲ್ಲ, 2019ರ ಗ್ರಾಹಕ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಡಿಕೇರಿಯಲ್ಲೇ ಕೊಟ್ಟಿದ್ದೇನೆ. ಅಲೆಯಲಿ ಅವನೇ. ಎರಡು ವರ್ಷದೊಳಗೆ ಕೊಡಬೇಕು, ಇದು ಗೊತ್ತಿರಲಿ.

ನೀವು ಕೊಡುವುದಾದರೆ ಇಂಜಿನ್ ಬ್ಲಾಕ್, ಚಾಸಿ ನಂಬರ್ ಫೋಟೋ ತೆಗೆದು, ಅದೇ ನಂಬರ್ ಬರೆದ ಕಾಗದಕ್ಕೆ ಗ್ಯಾರೇಜಿನವನ ಸಹಿ ಹಾಕಿಸಿ. ಬಿಚ್ಚಿದ ಹಳೇ ಪಾರ್ಟ್ಸ್ ಎಲ್ಲ ವಾಪಸ್ ಬೇಕು ಎಂದು ಬರೆಸಿ. ತುಕ್ಕು ಕತ್ತರಿಸಿದಾಗ, ಪೇಂಟ್ ಆಗುವ ಮುಂಚೆ, ಹೋಗಿ ಆಯಸ್ಕಾಂತ ಇಟ್ಟು ನೋಡಿ. ಬಾನೆಟ್ ಕೇಬಲ್ ಟೈಟ್ ಎಂದರೆ ಅಲ್ಲೇ ಎಳೆಯಿರಿ, ತುಂಡಾದರೆ ಹೊಸದಕ್ಕೆ ನಾನು ದುಡ್ಡು ಕೊಡುತ್ತೇನೆ. ಮನೆಗೆ ಬಂದವನಿಗೆ ಊಟ ಹಾಕಬೇಡಿ.

ಮೊನ್ನೆ ಅವನ ಪೇಜಿನಲ್ಲಿ ನಮ್ಮದೇ ಕಾರಿನ ಫೋಟೋ, ನಮ್ಮದೇ ಅಂಗಳದಲ್ಲಿ ತೆಗೆದದ್ದು. ನಾನೇ ಮೊದಲ ದಿನ ಖುಷಿಯಲ್ಲಿ ಕಳಿಸಿದ್ದು. ಕೆಳಗೆ "ನೂರಕ್ಕೆ ನೂರು ಒರಿಜಿನಲ್" ಎಂದು ಬರೆದಿದ್ದಾನೆ. ನಾನು ಹಾಕಿದ ಕಾಮೆಂಟ್ ಅಳಿಸಿದ.

ಆ ಇಂಜಿನ್ ಸ್ಕ್ರ್ಯಾಪ್‌ಗೆ ಹೋಗಿಲ್ಲ ಎಂದು ನನಗೆ ಗ್ಯಾರಂಟಿ. ಅದನ್ನು ಯಾರೂ ಕಬ್ಬಿಣದ ರೇಟಿಗೆ ಕೊಡುವುದಿಲ್ಲ. ಬೆಂಗಳೂರು, ಮುಂಬೈ, ಕೊಯಮತ್ತೂರು ಕಡೆ ಯಾರಾದರೂ ನಿಮಗೆ 1438 ಸಿಸಿಯ ಟ್ವಿನ್ ಕ್ಯಾಮ್ ಇಂಜಿನ್ ತೋರಿಸಿದರೆ ಬ್ಲಾಕ್ ಮೇಲಿನ ನಂಬರ್ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಆರ್‌ಸಿ ನನ್ನ ಹತ್ತಿರವೇ ಇದೆ, ಹೋಲಿಸಿ ಹೇಳುತ್ತೇನೆ. ನೀವೇ ಈಗಾಗಲೇ ಕೊಂಡಿದ್ದರೂ ಹೆದರಬೇಡಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅವನು ಎಷ್ಟಕ್ಕೆ ಮಾರಿದ ಎಂದು ಮಾತ್ರ ಹೇಳಿ, ಆ ರಸೀದಿ ನನ್ನ ಕೇಸಿಗೆ ಬೇಕು.