ರಬ್ಬರ್ ರಿಂಗಿನ ಡಿಐ ಪೈಪು ಚೆನ್ನಾಗಿದೆ, ಆದರೆ ದುಡ್ಡು ತಿಂದಿದ್ದು ಮಣ್ಣು

ನಮ್ಮ ಮನೆ ಹಿಂದಿನ ಚೇಂಬರ್‌ನಿಂದ ರಸ್ತೆಯ ಮ್ಯಾನ್‌ಹೋಲ್‌ಗೆ 60 ಅಡಿ. ಅಪ್ಪ ಹಾಕಿಸಿದ್ದ ಬೀಡು ಕಬ್ಬಿಣದ ಚರಂಡಿ ಲೈನು ವರ್ಷಕ್ಕೆ ಮೂರು ಸಲ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಬೇಜಾರಾಗಿ ಪೂರ್ತಿ ಅಗೆಸಿ 150 ಎಂಎಂ ಡಿಐ (ಡಕ್ಟೈಲ್ ಐರನ್, ಬೀಡಿನ ಹಾಗೆ ಸುಲಭಕ್ಕೆ ಒಡೆಯದ ಕಬ್ಬಿಣ) ಪೈಪು, ರಬ್ಬರ್ ರಿಂಗ್ ಜಾಯಿಂಟ್ ಹಾಕಿಸಿದೆ. ಒಂದು ಮಳೆಗಾಲ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಪಿವಿಸಿ ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳಿದರು. ಲೈನು ಹೋಗುವುದು ಕಾರು ನಿಲ್ಲಿಸುವ ಜಾಗದ ಕೆಳಗೆ, ಮೇಲೆ ಮಣ್ಣೂ ಜಾಸ್ತಿ ಇಲ್ಲ. ಅಷ್ಟೇ ಕಾರಣ.

ಹಳೇ ಪೈಪು ಹೊರಗೆ ಬಂದಾಗ ಕಾಯಿಲೆ ಎಲ್ಲಿತ್ತು ಅಂತ ಗೊತ್ತಾಯಿತು. ಪೈಪು ಇನ್ನೂ ಗಟ್ಟಿಯಾಗಿತ್ತು, ಹೋಗಿದ್ದು ಜಾಯಿಂಟು. ಆಗಿನ ಪದ್ಧತಿ ಅಂದರೆ ಸಾಕೆಟ್ಟಿನ (ಇನ್ನೊಂದು ಪೈಪಿನ ಮೂತಿ ಕೂರುವ ಅಗಲವಾದ ಬಾಯಿ) ಸಂದಿಗೆ ಸೆಣಬಿನ ನಾರು ತುರುಕಿ, ಮೇಲೆ ಕಾದ ಸೀಸ ಹೊಯ್ದು, ಆರಿದ ಮೇಲೆ ಉಳಿ ಇಟ್ಟು ಸುತ್ತಲೂ ಬಡಿದು ಕೂರಿಸುವುದು. ಸಾಕೆಟ್ ಪೈಪಿನ ಈ ಜಾಯಿಂಟು 1785ರಲ್ಲಿ ಲಂಡನ್ನಿನ ಥಾಮಸ್ ಸಿಂಪ್ಸನ್ ಎಂಬ ಇಂಜಿನಿಯರ್ ತಂದದ್ದಂತೆ, ಅದೇ ನಮ್ಮ ಅಪ್ಪನ ಕಾಲಕ್ಕೂ ನಡೆದಿದೆ ನೋಡಿ. ಸೀಸದ ಬಳೆಯ ಮೇಲೆ ಉಳಿ ಏಟಿನ ಗುರುತು ಹಾಗೇ ಇತ್ತು. ಒಳಗಿನ ನಾರು ಮಾತ್ರ ಕೊಳೆತು, ಆ ಜಾಗದಲ್ಲಿ ಪಕ್ಕದ ಹೊಂಗೆ ಮರದ ಬೇರು ಗಡ್ಡದ ಹಾಗೆ ಇಳಿದಿತ್ತು. ಅಂಥ ಜಾಯಿಂಟು ಒಂಬತ್ತು! ಆಗಿನ ಪೈಪು ಆರಾರು ಅಡಿ ಅಲ್ವಾ.

ಹೊಸ ಡಿಐ ಪೈಪು ಒಂದೊಂದೂ ಐದೂವರೆ ಮೀಟರ್. ಮೂರು ಪೂರ್ತಿ ಪೈಪು, ಒಂದು ತುಂಡು, ಮಧ್ಯೆ ಮೂರೇ ಜಾಯಿಂಟು. ನನಗೆ ಇಷ್ಟವಾದ ಮೊದಲ ವಿಷಯ ಇದೇ.

ಎರಡನೆಯದು ಕೂರಿಸುವ ಕೆಲಸ. ರಿಂಗನ್ನು ಎರಡೂ ಕೈಯಲ್ಲಿ ಮಡಚಿ ಸಾಕೆಟ್ಟಿನ ಒಳಗಿನ ತೋಡಿಗೆ ಬಿಡಬೇಕು, ಟಪ್ ಅಂತ ಕೂರುತ್ತದೆ. ಸೋಪಿನ ಥರದ ಲೂಬ್ರಿಕೆಂಟ್ ಸವರಿ, ಇನ್ನೊಂದು ಪೈಪಿನ ಮೂತಿ ಇಟ್ಟು, ಹಿಂದೆ ಮರದ ತುಂಡು ಕೊಟ್ಟು ಹಾರೆಯಲ್ಲಿ ಮೀಟಿದರೆ ಬಿಳಿ ಗೆರೆವರೆಗೆ ಒಳಗೆ ಹೋಗುತ್ತದೆ. ಒಂದೊಂದಕ್ಕೆ ಹತ್ತು ನಿಮಿಷವೂ ಆಗಲಿಲ್ಲ. ಸೀಸವಾದರೆ 327 ಡಿಗ್ರಿ ದಾಟಿ ಕಾಯಿಸಬೇಕು, ಹಳ್ಳದಲ್ಲಿ ಒಲೆ, ಹೊಗೆ ಬೇರೆ, ಸಾಕೆಟ್ಟಿನಲ್ಲಿ ಒಂದು ಹನಿ ನೀರಿದ್ದರೂ ಮುಖಕ್ಕೆ ಸಿಡಿಯುತ್ತದೆ. ರಿಂಗಿನ ಜಾಯಿಂಟು ಸ್ವಲ್ಪ ವಾಲಿದರೂ ಸೋರುವುದಿಲ್ಲ, ಹೀಗಾಗಿ ಆಮೇಲೆ ಮಣ್ಣು ಕುಸಿದರೆ ಭಯ ಕಡಿಮೆ.

ತಾಪತ್ರಯ ಆಗಲಿಲ್ಲ ಅಂತಲ್ಲ. ಪೈಪು ಕೊಟ್ಟ ಅಂಗಡಿಯವರು ಲೂಬ್ರಿಕೆಂಟ್ ಕೇಳಿದರೆ ಬೇರಿಂಗ್ ಗ್ರೀಸ್ ಡಬ್ಬಿ ಕೊಟ್ಟು "ಇದೂ ಅದೇ ಸಾರ್" ಅಂದರು. ಅದೇ ಅಲ್ಲ! ಪೆಟ್ರೋಲಿಯಂ ಗ್ರೀಸ್ ಬಿದ್ದರೆ ಈ ರಬ್ಬರ್ ಉಬ್ಬಿ ಹಾಳಾಗುತ್ತದೆ. ನಮ್ಮ ಪ್ಲಂಬರ್ ಅಷ್ಟರಲ್ಲಿ ಒಂದು ರಿಂಗಿಗೆ ಹಚ್ಚಿಯಾಗಿತ್ತು, ಅದನ್ನು ಎಸೆದೆವು. ಇನ್ನೊಂದು, ಕತ್ತರಿಸಿದ ತುಂಡಿನ ಮೂತಿಯನ್ನು ಗ್ರೈಂಡರ್‌ನಲ್ಲಿ ಓರೆಯಾಗಿ ಉಜ್ಜದೆ ತುರುಕಿದ್ದರಿಂದ ಆ ರಿಂಗು ಜಾಗ ಬಿಟ್ಟಿತ್ತು. ಕೊನೆ ಮುಚ್ಚಿ ನೀರು ತುಂಬಿಸಿ ನೋಡಿದ್ದಕ್ಕೆ ಗೊತ್ತಾಯಿತು, ಸುಮ್ನೆ ಮಣ್ಣು ಮುಚ್ಚಿದ್ದರೆ ಮತ್ತೆ ಅಗೆಯಬೇಕಿತ್ತು. ರಿಂಗು ಎರಡು ಜಾಸ್ತಿ ತಂದಿಟ್ಟುಕೊಳ್ಳಿ.

ಪೈಪು ತಗೊಳ್ಳುವಾಗ ಚರಂಡಿಗೆ ಅಂತ ಹೇಳಿ, ಒಳಗೆ ಹೈ ಅಲ್ಯುಮಿನಾ ಸಿಮೆಂಟ್ ಲೇಪ ಇರುವುದನ್ನೇ ಕೇಳಿ. ಚರಂಡಿಯ ಗ್ಯಾಸು ಪೈಪಿನ ನೆತ್ತಿಯಲ್ಲಿ ಆಸಿಡ್ ಆಗಿ ಸಾಮಾನ್ಯ ಸಿಮೆಂಟನ್ನು ತಿನ್ನುತ್ತದೆ.

ಈಗ ದುಡ್ಡಿನ ಮಾತು. ಜಾಯಿಂಟು ಸುಲಭ ಆಯಿತು, ಖರ್ಚು ಅರ್ಧ ಆಗುತ್ತೆ ಅಂದುಕೊಂಡಿದ್ದೆ. ಇಲ್ಲ. ಬಿಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಗೆತ, ಮಣ್ಣು ಸಾಗಣೆ, ಟೈಲ್ಸ್ ಮತ್ತೆ ಹಾಕುವುದು, ರಸ್ತೆ ಕತ್ತರಿಸಿದ್ದಕ್ಕೆ ಕಟ್ಟಿದ್ದು. ಆರಿಂಚು ಪೈಪಿಗೆ 60 ಅಡಿಗೆ ಒಂದಡಿ ಇಳಿಜಾರು ಕೊಡಬೇಕು ಅಂತ ಹಳೇ ಲೆಕ್ಕ, ಹಾಗಾಗಿ ರಸ್ತೆ ಕಡೆ ಹೋದಷ್ಟೂ ಹಳ್ಳ ಆಳ, ಆಳವಾದಷ್ಟೂ ಕೂಲಿ. ಅದನ್ನು ಯಾವ ರಿಂಗೂ ಕಡಿಮೆ ಮಾಡುವುದಿಲ್ಲ. ಉಳಿತಾಯ ಆಗಿದ್ದು ದುಡ್ಡಲ್ಲ, ದಿನ. ಬೆಳಿಗ್ಗೆ ಪೈಪು ಇಳಿಸಿ ಸಂಜೆ ಮಣ್ಣು ಮುಚ್ಚಿದೆವು. ಹಳ್ಳ ತೆರೆದಿದ್ದು ಒಂದು ರಾತ್ರಿ ಕಡಿಮೆಯಾದರೆ ಮಳೆಗೆ ಅಂಚು ಕುಸಿದು ಎರಡನೇ ಸಲ ಅಗೆಯುವುದು ತಪ್ಪುತ್ತದೆ.

ಜಾಯಿಂಟಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ತೂಕಕ್ಕೆ, ಒಂದು ಪೈಪು ಹಳ್ಳಕ್ಕೆ ಇಳಿಸಲು ನಾಲ್ಕು ಜನ ಬೇಕಾಯಿತು. ಹಳೇ ಸೀಸದ ಬಳೆಗಳನ್ನು ಗುಜರಿಗೆ ಹಾಕಿದೆವು, ಆ ನಾಲ್ವರ ಎರಡು ದಿನದ ಊಟದ ಖರ್ಚು ಅದರಲ್ಲೇ ಆಯಿತು.