ಮೊಣಕಾಲು ನೋವಿಗೆ ಲಕ್ಕಿ, ಎಕ್ಕ, ಔಡಲ: ನನ್ನ ಓಟು ಲಕ್ಕಿಗೆ

ತೊಗರಿ ರಾಶಿ ಮುಗಿಯುವ ಹೊತ್ತಿಗೆ ನನ್ನ ಮೊಣಕಾಲು ಹಿಡಿದುಕೊಳ್ಳುತ್ತದೆ. ಈ ಸಲ ಕಲಬುರಗಿಯ ಅಂಗಡಿಯೊಂದರಿಂದ ಲಕ್ಕಿ ಎಣ್ಣೆಯ ಬಾಟಲಿ ತಂದೆ. ಮುನ್ನೂರು ರೂಪಾಯಿ ಹತ್ತಿರ ಹೋಯಿತು, ಮುಚ್ಚಳ ತೆಗೆದರೆ ಬರೀ ಕರ್ಪೂರದ ವಾಸನೆ. ಹಳ್ಳದ ದಂಡೆಯಲ್ಲಿ ಪುಕ್ಕಟೆ ಸಿಗುವ ಹಸಿ ಲಕ್ಕಿ ತಪ್ಪಲದ ಮುಂದೆ ಅದು ಏನೂ ಅಲ್ಲ.

ಎಕ್ಕದ ಎಲೆ ಕೆಲಸಕ್ಕೆ ಬಾರದು ಅಂತಲ್ಲ. ಔಡಲ ಎಣ್ಣೆ ಸವರಿ, ತವೆ ಮೇಲೆ ಬಾಡಿಸಿ ಕಟ್ಟಿದರೆ ದಪ್ಪ ಎಲೆ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ. ತಕರಾರೆಲ್ಲ ಅದರ ಹಾಲಿನದು. ತೊಟ್ಟು ಮುರಿದರೆ ಸಾಕು, ಟಪಟಪ ಸುರಿಯುತ್ತದೆ. ಇಳಿದು ಮುಗಿಯುವ ತನಕ ಕಾಯಬೇಕು, ಒರೆಸಬೇಕು, ಆಮೇಲೆ ತವೆಗೆ. ಅಲ್ಲಿ ನಡುನರ ಒಡೆದು ಮತ್ತೆ ಒಸರುತ್ತದೆ. ಉಗುರು ಸಂದಿಯಲ್ಲಿ ಒಣಗಿದರೆ ಸೋಪಿಗೂ ಜಗ್ಗುವುದಿಲ್ಲ.

"ಕಣ್ಣಿಗಿ ಕೈ ಒಯ್ಯಬ್ಯಾಡ ನೋಡು ಮತ್ತ" ಅಂತ ಅವ್ವ ಪಕ್ಕದಲ್ಲೇ ನಿಂತಿರುತ್ತಾಳೆ. ಅವಳ ಮಾತು ಖರೆ. ಎಕ್ಕದ ಹಾಲು ಕಣ್ಣಿಗೆ ಹೋದರೆ ಕಾರ್ನಿಯಾ, ಅಂದರೆ ಕಣ್ಣುಗುಡ್ಡೆಯ ಮುಂದಿನ ತಿಳಿ ಪೊರೆ, ಬಾತು ದೃಷ್ಟಿ ಮಂಜಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲವಾದ್ದರಿಂದ ಜನ ಅಲಕ್ಷ್ಯ ಮಾಡುತ್ತಾರೆ. ನೀರಿನಿಂದ ತೊಳೆದು ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಮ್ಮ ಬಿಸಿಲಿನಲ್ಲೋ, ಬೆವರು ಒರೆಸಲು ಕೈ ತಾನಾಗಿಯೇ ಮುಖಕ್ಕೆ ಹೋಗುತ್ತದೆ! ಸಾಲದ್ದಕ್ಕೆ ಕಟ್ಟಿದ ಜಾಗದಲ್ಲಿ ತುರಿಕೆ.

ಔಡಲ ಎಲೆ ಅಗಲ, ಹಾಲಿನ ಕಾಟವಿಲ್ಲ, ಆದರೆ ಬಹಳ ಬೇಗ ತಣ್ಣಗಾಗುತ್ತದೆ.

ಲಕ್ಕಿಯದು ಸರಳ. ಎರಡು ಹಿಡಿ ತಪ್ಪಲ ಕುದಿಸಿ, ಆ ನೀರಿನಲ್ಲಿ ಟವೆಲ್ ಅದ್ದಿ ಹಿಂಡಿ ಮೊಣಕಾಲಿಗೆ ಸುತ್ತುತ್ತೇನೆ. ಮರುದಿನ ಮಾಳಿಗೆಯಿಂದ ಇಳಿಯುವಾಗ ಗೋಡೆ ಹಿಡಿಯಬೇಕಾಗುವುದಿಲ್ಲ. ಎಲೆಯ ಸಾರ ಇಲಿಗಳಲ್ಲಿ ನೋವು, ಬಾವು ತಗ್ಗಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ನಾನು ಇಲಿಯಲ್ಲ, ಅರ್ಧ ಪುಣ್ಯ ಬಿಸಿನೀರಿನದೂ ಇದ್ದೀತು. ಘಾಟು ಮಾತ್ರ ಜೋರು, ಹೀಗಾಗಿ ಒಲೆ ಅಂಗಳದಲ್ಲಿ.

ಜ್ವರಕ್ಕೆ ನಾನು ಯಾವ ತಪ್ಪಲವನ್ನೂ ನಂಬುವುದಿಲ್ಲ, ಪ್ಯಾರಾಸಿಟಮಾಲ್ ಸಾಕು. ತುಳಸಿ ಕಷಾಯ ಗಂಟಲಿಗೆ ಹಿತ, ಅಷ್ಟೇ. ಅಮೃತಬಳ್ಳಿ ಬಿಟ್ಟೇಬಿಟ್ಟೆ: 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ನನಗೆ ಆ ಜಗಳ ಬೇಡ. ಮಳೆಗಾಲದಲ್ಲಿ ಡೆಂಗಿ ಇರುವಾಗ ಜ್ವರ ಇಳಿಯದಿದ್ದರೆ ಕಷಾಯ ಕುಡಿಯುತ್ತ ಕೂಡದೆ ರಕ್ತ ತೋರಿಸಬೇಕು.

ಹಳ್ಳಕ್ಕೆ ಹೋಗಿಬರುವ ಪೆಟ್ರೋಲಾದರೂ ಉಳಿಯಲಿ ಅಂತ ಹೊಲದ ಬದುವಿಗೆ ಲಕ್ಕಿ ಕಡ್ಡಿ ಊರಿದ್ದೇನೆ. ಅದಕ್ಕೆ ಆಡುಗಳೂ ಬಾಯಿ ಹಾಕುವುದಿಲ್ಲ.