ಹಳೇ ಐಪಾಡ್ ರಿಪೇರಿಗೆ ಕೊಡ್ತೀರಾ? ಒಳಗಿನ ಡಿಸ್ಕ್ ಬಗ್ಗೆ ಹುಷಾರು

ಮನೆಯಲ್ಲಿ ಹಳೇ ಐಪಾಡ್ ಕ್ಲಾಸಿಕ್ (ಆಪಲ್ ಕಂಪನಿಯ ಹಾಡು ಕೇಳುವ ಸಾಧನ) ಇದ್ದು, ಬ್ಯಾಟರಿ ಹಾಕಿಸೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಾವು ಬ್ಯಾಟರಿ ಬದಲಿಸೋಕೆ ಕೊಟ್ಟೆವು. ವಾಪಸ್ ಬಂದಾಗ ಒಳಗಿದ್ದ ಹಾರ್ಡ್ ಡಿಸ್ಕೇ ಬೇರೆ ಆಗಿತ್ತು.

ಅದು ಅಪ್ಪನದು. 2009ರಲ್ಲಿ ಬಂದ 160 ಜಿಬಿ ಮಾಡೆಲ್. ತಾಳಮದ್ದಳೆಯ ಹಳೇ ಕ್ಯಾಸೆಟ್‌ಗಳನ್ನೆಲ್ಲ ಚಿಕ್ಕಪ್ಪ ಎಂಪಿ3 ಮಾಡಿ ಅದರಲ್ಲಿ ತುಂಬಿಸಿಕೊಟ್ಟಿದ್ದರು. ಅಪ್ಪನಿಗೆ ಈಗ ಕಣ್ಣು ಅಷ್ಟಾಗಿ ಕಾಣಲ್ಲ. ಫೋನಿನಲ್ಲಿ ಎಲ್ಲಿ ಒತ್ತಬೇಕು ಅಂತ ತಡಕಾಡುತ್ತಾರೆ. ಐಪಾಡ್ ಆದರೆ ಹೆಬ್ಬೆರಳಲ್ಲಿ ಚಕ್ರ ತಿರುಗಿಸಿ, ಟಿಕ್ ಟಿಕ್ ಸದ್ದಿನ ಮೇಲೇ ಬೇಕಾದ ಪ್ರಸಂಗ ಹಾಕಿಕೊಳ್ಳುತ್ತಾರೆ. ಹೊಸದು ಕೊಡಿಸೋಣ ಅಂದರೆ ಕ್ಲಾಸಿಕ್ 2014ರಲ್ಲೇ ನಿಂತುಹೋಯಿತು. 2022ರಲ್ಲಿ ಐಪಾಡ್ ಟಚ್ ಕೂಡ ನಿಂತಿತು. ಹಾಗಾಗಿ ರಿಪೇರಿ ಮಾಡಿಸಲೇಬೇಕಿತ್ತು.

ಹಾಳಾಗಿದ್ದು ಬ್ಯಾಟರಿ ಮಾತ್ರ. ಒಮ್ಮೆ ಚಾರ್ಜ್ ಮಾಡಿದರೆ 36 ಗಂಟೆ ಹಾಡುತ್ತೆ ಅಂತ ಕಂಪನಿ ಹೇಳಿದ್ದ ಸಾಧನ, ಒಂದು ಪ್ರಸಂಗ ಮುಗಿಯುವ ಮೊದಲೇ ಆರಿಹೋಗುತ್ತಿತ್ತು. ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. ಒಳಗಿರೋದಕ್ಕೆ ಏನೂ ಆಗಬಾರದು ಅಂತ ಒತ್ತಿ ಹೇಳಿದೆ. "ಬ್ಯಾಟರಿ ಅಷ್ಟೇ ಮೇಡಂ, ಡೇಟಾ ಮುಟ್ಟೋದೇ ಇಲ್ಲ" ಅಂದರು. ನನ್ನೆದುರೇ ಬಿಚ್ಚಿ ಅಂದಿದ್ದಕ್ಕೆ, "ಟೆಕ್ನಿಷಿಯನ್ ಇಲ್ಲಿ ಕೂರಲ್ಲ, ಸಂಜೆ ಬನ್ನಿ" ಅಂದರು.

ಸಂಜೆ ಕೈಗೆ ಬಂದ ಐಪಾಡ್‌ನಲ್ಲಿ ಒಂದು ಹಾಡೂ ಇರಲಿಲ್ಲ. "ಟೆಸ್ಟ್ ಮಾಡುವಾಗ ರಿಸ್ಟೋರ್ ಆಯ್ತು" ಅಂದರು, ಅಂದರೆ ಎಲ್ಲ ಅಳಿಸಿ ಹೊಸದರಂತೆ ಆಗಿದೆ ಅಂತ. ಬ್ಯಾಟರಿ ಬದಲಿಸೋಕೆ ರಿಸ್ಟೋರ್ ಮಾಡುವ ಅಗತ್ಯವೇ ಇಲ್ಲ. ಹಿಂಬದಿಯ ಸ್ಟೀಲ್ ಅಂಚಿನುದ್ದಕ್ಕೂ ಮೀಟಿ ತೆಗೆದ ಗೀರುಗಳು. ಒಂದು ಮೂಲೆ ಕೂತೇ ಇಲ್ಲ, ಸಂದಿಯಲ್ಲಿ ಉಗುರು ಹೋಗುತ್ತಿತ್ತು. ಮೇಲಿನ ಹೋಲ್ಡ್ ಬಟನ್ ಸರಿಸಿದರೆ ಕಿತ್ತಳೆ ಬಣ್ಣ ಕಾಣುತ್ತೆ, ಆದರೆ ಲಾಕ್ ಆಗಲ್ಲ. ಹೋಲ್ಡ್ ಬಟನ್, ಇಯರ್‌ಫೋನ್ ಜಾಕ್ ಎರಡೂ ಹಿಂಬದಿಯ ಮುಚ್ಚಳದಲ್ಲೇ ಇರುತ್ತವೆ, ತೆಳ್ಳಗಿನ ಪಟ್ಟಿಯಂಥ ವೈರಿನಲ್ಲಿ ಬೋರ್ಡಿಗೆ ಸೇರಿರುತ್ತವೆ. ಮುಚ್ಚಳ ಜೋರಾಗಿ ಎಳೆದರೆ ಮೊದಲು ಹರಿಯೋದು ಅದೇ.

ಪುಣ್ಯಕ್ಕೆ ಎಲ್ಲದರ ನಕಲು ಮನೆಯ ಕಂಪ್ಯೂಟರಿನಲ್ಲಿತ್ತು. ಮತ್ತೆ ತುಂಬಿಸಲು ಕೂತೆ. ಮುಂಚೆ ಆರಾಮಾಗಿ ಹಿಡಿಸಿದ್ದು ಈಗ ಹಿಡಿಸಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆಗೆದು ನೋಡಿದರೆ ಕೆಪಾಸಿಟಿ 111 ಜಿಬಿ. ನಮ್ಮದರಲ್ಲಿ 148 ಚಿಲ್ಲರೆ ಇತ್ತು. ಲೆಕ್ಕ ಹಾಕುವ ರೀತಿಯಿಂದಾಗಿ 160 ಜಿಬಿ ಡಿಸ್ಕ್ ಪರದೆಯಲ್ಲಿ ಅಷ್ಟೇ ತೋರಿಸುತ್ತೆ. 111 ತೋರಿಸೋದು 120 ಜಿಬಿ ಡಿಸ್ಕ್. ಸೀರಿಯಲ್ ನಂಬರ್ ಮಾತ್ರ ನಮ್ಮದೇ, ಯಾಕಂದರೆ ಬೋರ್ಡೂ ಮುಚ್ಚಳವೂ ನಮ್ಮವೇ. ಬರೀ ನಂಬರ್ ನೋಡಿ ಸಮಾಧಾನ ಮಾಡಿಕೊಂಡವರಿಗೆ ಈ ಮೋಸ ಗೊತ್ತೇ ಆಗಲ್ಲ. ಇದರೊಳಗಿನದು 1.8 ಇಂಚಿನ ಪುಟ್ಟ ಡಿಸ್ಕ್. ಈಗ ಹೊಸದು ಸಿಗೋದು ಕಷ್ಟ. ಅದಕ್ಕೇ ಒಳ್ಳೇ ಡಿಸ್ಕಿನ ಮೇಲೆ ಕಣ್ಣು.

ಇನ್ನೂ ಒಂದು ಪರೀಕ್ಷೆ ಇದೆ, ಎಲ್ಲರಿಗೂ ಗೊತ್ತಿರಬೇಕು. ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಗುರುತು ಬಂದ ತಕ್ಷಣ ನಡುವಿನ ಬಟನ್ ಮತ್ತು ಹಿಂದಕ್ಕೆ ಹೋಗುವ ಬಟನ್ ಹಿಡಿಯಿರಿ. ಡಯಾಗ್ನೊಸ್ಟಿಕ್ ಪರದೆ ತೆರೆಯುತ್ತೆ. ಅಲ್ಲಿ ಹಾರ್ಡ್ ಡ್ರೈವ್‌ನ ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕಿನ ಆರೋಗ್ಯದ ಲೆಕ್ಕ, ನೋಡಿ. ರೀಅಲಾಕ್ಸ್ (ಕೆಟ್ಟು ಬದಲಿಸಿದ ಜಾಗಗಳು), ಪೆಂಡಿಂಗ್ ಸೆಕ್ಟರ್ಸ್ (ಕೆಡುತ್ತಿರುವ ಅನುಮಾನವಿರುವ ಜಾಗಗಳು) ಮುಂದೆ ಸೊನ್ನೆ ಇದ್ದರೆ ಒಳ್ಳೇದು. ನಮಗೆ ಹಾಕಿಕೊಟ್ಟ ಡಿಸ್ಕಿನಲ್ಲಿ ಎರಡೂ ಕಡೆ ದೊಡ್ಡ ಸಂಖ್ಯೆ. ಅರ್ಥಗಾರಿಕೆ ನಡುನಡುವೆ ಕಡಿದುಹೋಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಅಂಗಡಿಗೆ ಹೋಗಿ, ಕೊಡುವ ಮುಂಚೆ ತೆಗೆದಿಟ್ಟಿದ್ದ ಅಬೌಟ್ ಪರದೆಯ ಫೋಟೋ ತೋರಿಸಿದೆ. ಮೊದಲು "ಸಾಫ್ಟ್‌ವೇರ್ ತಪ್ಪು ತೋರಿಸುತ್ತೆ" ಅಂದರು. ಆಮೇಲೆ ಬ್ಯಾಟರಿ ದುಡ್ಡು ವಾಪಸ್ ಕೊಟ್ಟು ಸುಮ್ಮನಾಗಿಸೋಕೆ ನೋಡಿದರು. ಡಿಸ್ಕ್ ಕೊಡಲಿಲ್ಲ. ವಯಸ್ಸಾದ ಅಪ್ಪನೇ ಹೋಗಿದ್ದರೆ ಆ ಉತ್ತರ ನಂಬಿ ಬರುತ್ತಿದ್ದರು. ನನಗೆ ಸಿಟ್ಟು ಬರೋದು ಅದಕ್ಕೇ.

ನೀವು ಕೊಡೋದಾದರೆ ಮೊದಲು ನಕಲು ಮಾಡಿ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ಆದರೆ ಕಂಪ್ಯೂಟರಿಗೆ ಹಾಕಿ, ಅಡಗಿಸಿಟ್ಟ ಫೈಲುಗಳು ಕಾಣುವಂತೆ ಮಾಡಿ. ಐಪಾಡ್ ಕಂಟ್ರೋಲ್ ಅನ್ನುವ ಫೋಲ್ಡರಿನೊಳಗೆ ಮ್ಯೂಸಿಕ್ ಇರುತ್ತೆ, ಅದನ್ನು ಪೂರ್ತಿ ಎತ್ತಿಟ್ಟುಕೊಳ್ಳಿ. ಫೈಲಿನ ಹೆಸರುಗಳು ನಾಲ್ಕು ಅಕ್ಷರದ ಗೋಜಲು, ಗಾಬರಿ ಬೇಡ. ಹಾಡಿನ ಹೆಸರು ಫೈಲಿನೊಳಗಿನ ಟ್ಯಾಗ್‌ನಲ್ಲಿ (ವಿವರದ ಚೀಟಿಯಂಥದ್ದು) ಹಾಗೇ ಉಳಿದಿರುತ್ತೆ. ಹೊಸ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ (ಐಪಾಡ್‌ಗೆ ಹಾಡು ತುಂಬಿಸುವ ಆಪಲ್ ಸಾಫ್ಟ್‌ವೇರ್) "ಎಲ್ಲ ಅಳಿಸಿ ಸಿಂಕ್ ಮಾಡಲಾ" ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಬಿಲ್ ಮೇಲೆ "ಬ್ಯಾಟರಿ ಮಾತ್ರ" ಅಂತಲೂ ಕೆಪಾಸಿಟಿ ಎಷ್ಟು ಅಂತಲೂ ಬರೆಸಿ. ನಿಮ್ಮೆದುರು ಬಿಚ್ಚಲು ಒಪ್ಪದ ಅಂಗಡಿಗೆ ಕೊಡಲೇಬೇಡಿ. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದ್ದರೆ ಚಾರ್ಜಿಗೆ ಹಾಕಬೇಡಿ, ಮನೆಯಲ್ಲಿ ಚುಚ್ಚಿ ಮೀಟಿ ತೆಗೆಯೋಕೆ ಹೋಗಬೇಡಿ.

ಬದಲಿಗೆ ಇನ್ನೊಂದು ಕ್ಲಾಸಿಕ್ ಕೊಳ್ಳುವವರಿಗೂ ಒಂದು ಮಾತು. ಆನ್‌ಲೈನ್‌ನಲ್ಲಿ "ಹೊಚ್ಚ ಹೊಸದು" ಅಂತ ಹಾಕಿರುವುದು ಬಹುತೇಕ ಹಳೇ ಬೋರ್ಡಿಗೆ ಹೊಸ ಮುಚ್ಚಳ ಹಾಕಿದ್ದು. ದುಡ್ಡು ಕೊಡುವ ಮುಂಚೆ ಮೇಲೆ ಹೇಳಿದ ಪರೀಕ್ಷೆ ಮಾಡಿ, ಎರಡೂ ಕಿವಿಯಲ್ಲಿ ಸದ್ದು ಬರುತ್ತಾ ನೋಡಿ.

ಅಪ್ಪನ ಐಪಾಡ್‌ಗೆ ಈಗ ಡಿಸ್ಕ್ ತೆಗೆಸಿ ಮೆಮೊರಿ ಕಾರ್ಡ್ ಹಾಕುವ ಬೋರ್ಡ್ ಕೂರಿಸಿದ್ದೇವೆ, ಬೇರೆಯವರ ಹತ್ತಿರ, ಕಣ್ಣೆದುರೇ. ತಿರುಗುವ ಡಿಸ್ಕ್ ಇಲ್ಲದ್ದರಿಂದ ಚಾರ್ಜ್ ಕೂಡ ಜಾಸ್ತಿ ಹೊತ್ತು ಬರುತ್ತೆ. 2007, 2008ರ ಕ್ಲಾಸಿಕ್‌ಗೆ 128 ಜಿಬಿಗಿಂತ ದೊಡ್ಡ ಕಾರ್ಡ್ ಆಗಲ್ಲ, ನೆನಪಿರಲಿ. ಡಿಸ್ಕ್ ವಿಚಾರಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಂಗಡಿಯವರು ಇನ್ನೂ ಉತ್ತರ ಕೊಟ್ಟಿಲ್ಲ.